ಬೇಬಿ ಸಿಟ್ಟಿಂಗ್‌ಗೆ ಎಷ್ಟು ಫೀಸು ಕೇಳೋದು?

ಪ್ರಶ್ನೆ: ನಾವಿರುವುದು ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ. ಸ್ವಂತ ಮನೆ. ಕೆಳಗಿನ ಭಾಗದಲ್ಲಿ ಬೇಬಿ ಸಿಟ್ಟಿಂಗ್ ನಡೆಸುತ್ತಿದ್ದೇನೆ. ಮೊದಲು ನರ್ಸರಿ ಟೀಚರ್ ಆಗಿದ್ದೆ. ಶುರು ಮಾಡಿ ಒಂದು ವರ್ಷ ಆಯ್ತು, ಮಕ್ಕಳು ಮೂರೇ. ಇಬ್ಬರಿಗೆ ತಿಂಗಳಿಗೆ 4,000 ರೂಪಾಯಿ. ಮೂರನೆಯದು ನಾದಿನಿಯ ಮಗು, ಅವಳಿಂದ 2,500 ತಗೊಳ್ತೀನಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 8:30ರಿಂದ ಸಂಜೆ 6:30. ಒಬ್ಬರಂತೂ ದಿನಾ ಏಳು ಗಂಟೆ ಮೇಲೇ ಬರೋದು. ಮಗು ಊರಿಗೆ ಹೋದರೆ, ಜ್ವರ ಬಂದು ರಜೆ ಆದರೆ ಅಷ್ಟು ದಿನದ ದುಡ್ಡು ಹಿಡಿದುಕೊಂಡು ಕೊಡ್ತಾರೆ. ಅರ್ಧ ದಿನ ಸಹಾಯಕ್ಕೆ ಬರುವವರಿಗೆ 5,000 ಕೊಡ್ತೀನಿ. ಹಾಲು, ಹಣ್ಣು, ತಿಂಡಿಗೆ 2,500, ಗ್ಯಾಸು ಕರೆಂಟಿಗೆ 1,200, ಸೋಪು ಫಿನೈಲು ಟಿಶ್ಯೂಗೆ 800. ಕೈಯಲ್ಲಿ ಏನೂ ಉಳಿಯಲ್ಲ. ಹತ್ತಿರದ ದೊಡ್ಡ ಪ್ಲೇ ಹೋಮ್‌ನವರು 9,000 ತಗೊಳ್ತಾರೆ, ಹಿಂದಿನ ಬೀದಿಯ ಅಜ್ಜಿಯೊಬ್ಬರು 3,500ಕ್ಕೆ ನೋಡ್ಕೊಳ್ತಾರೆ. ಪೇಪರ್ ಜೊತೆ ಸಾವಿರ ಪಾಂಪ್ಲೆಟ್ ಹಾಕಿಸಿದೆ. ಎರಡು ಫೋನ್ ಬಂತು, ಯಾರೂ ಸೇರಲಿಲ್ಲ. ಫೀಸು ಜಾಸ್ತಿ ಮಾಡಿದರೆ ಇರೋರೂ ಹೋಗ್ತಾರೇನೋ ಅಂತ ಭಯ. ಕಡಿಮೆ ಮಾಡಿ ಹತ್ತು ಮಕ್ಕಳನ್ನ ಸೇರಿಸಿಕೊಳ್ಳಲಾ? ನಮ್ಮ ಯಜಮಾನರು ‘ಕ್ಯಾಮರಾ ಹಾಕ್ಸು, ಜನ ಬರ್ತಾರೆ’ ಅಂತಾರೆ. ಅತ್ತೆ ‘ಮಕ್ಕಳನ್ನ ನೋಡ್ಕೊಳ್ಳೋಕೂ ಲೆಕ್ಕಾನಾ’ ಅಂತಾರೆ. ಏನು ಮಾಡಲಿ?

ಉತ್ತರ: ಫೀಸು ಏರಿಸಿದರೆ ಮಕ್ಕಳು ಹೋಗುತ್ತಾರೆ, ಇಳಿಸಿದರೆ ಬರುತ್ತಾರೆ ಅನ್ನುವ ಲೆಕ್ಕದ ಮೇಲೆ ನಿಮ್ಮ ಪತ್ರ ನಿಂತಿದೆ. ಅದು ತರಕಾರಿ ಅಂಗಡಿಗೆ ಸರಿ. ನಿಮ್ಮ ಮನೆಗೆ ಸರಿ ಅಲ್ಲ ಅನ್ನೋದಕ್ಕೆ ನಿಮ್ಮ ಒಂದು ವರ್ಷವೇ ಸಾಕ್ಷಿ. ನಿಮ್ಮ ಕಡೆಗೆ 4,000 ಕಡಿಮೆಯೇ. ಆದರೂ ಮೂರೇ ಮಕ್ಕಳು. ಮನೆಯಲ್ಲಿ ಡೇಕೇರ್ ನಡೆಸಿ, ಈಗ ಹೊಸದಾಗಿ ಶುರು ಮಾಡುವ ಹೆಂಗಸರಿಗೆ ಹೇಳಿಕೊಡುವ ಕೆಲಸದಲ್ಲಿದ್ದೇನೆ. ಹತ್ತಿರ ಹತ್ತಿರ ಎಲ್ಲರೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೊದಲು ಒಂದು ಲೆಕ್ಕ. ಬರುವುದು 10,500. ಹೋಗುವುದು 9,500. ಉಳಿಯುವುದು 1,000. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ, ಒಟ್ಟು 260 ಗಂಟೆ. ನಿಮ್ಮ ಕೂಲಿ ಗಂಟೆಗೆ ನಾಲ್ಕು ರೂಪಾಯಿಯೂ ಬೀಳಲಿಲ್ಲ. ಯಾರೋ ಒಬ್ಬರು ಐದು ದಿನ ರಜೆ ಹಾಕಿ ದುಡ್ಡು ಹಿಡಿದುಕೊಂಡರೆ ಆ ಸಾವಿರದಲ್ಲೂ ಮುಕ್ಕಾಲು ಭಾಗ ಹೋಯಿತು. ಅತ್ತೆಯವರಿಗೆ ಉತ್ತರ ಕೊಡಬೇಕಾಗಿಲ್ಲ, ಈ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಹಳೆಯ ಕಾಲದವರಿಗೆ ಜಮಾ ಖರ್ಚು ನಮಗಿಂತ ಚೆನ್ನಾಗಿ ಅರ್ಥ ಆಗುತ್ತದೆ.

ಹತ್ತು ಮಕ್ಕಳ ವಿಷಯಕ್ಕೆ ಬರೋಣ, ಯಾಕೆಂದರೆ ಅದು ಅಪಾಯದ ದಾರಿ. ಉದ್ಯೋಗದ ಜಾಗಗಳಲ್ಲಿರುವ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಅದರಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಸಹಾಯಕಿ ಅಂತ ಇದೆ. ಇದನ್ನು ಹಿಡಿದುಕೊಂಡು ‘ಸರ್ಕಾರವೇ ಹತ್ತು ಅಂದಿದೆ’ ಅನ್ನುವವರಿದ್ದಾರೆ. ಅಲ್ಲಿ ಅಡುಗೆ, ಒಗೆಯುವುದು, ಗೇಟು ಕಾಯುವುದಕ್ಕೆ ಬೇರೆ ಜನ ಇರುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲವೂ ನೀವೇ. ನಾನು ಹೇಳಿಕೊಡುವ ಅಳತೆ ಬೇರೆ. ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡರೆ ಒಬ್ಬರು ಎಷ್ಟು ಮಕ್ಕಳನ್ನು ಹೊರಗೆ ತರಬಲ್ಲರು? ನಡೆಯಲು ಬಾರದ ಕೂಸುಗಳಾದರೆ ಎರಡು. ಕಂಕುಳಿಗೆ ಒಂದೊಂದು. ಹಾಗಾಗಿ ಇಬ್ಬರು ದೊಡ್ಡವರು ಇರುವ ಮನೆಯಲ್ಲಿ ಒಂದೂವರೆ ವರ್ಷದೊಳಗಿನ ಕೂಸು ಎರಡೇ ಇರಲಿ, ನಡೆಯುವ ಮಕ್ಕಳು ಮೂರು, ಶಾಲೆ ಬಿಟ್ಟು ಬರುವ ಎಲ್‌ಕೆಜಿ, ಯುಕೆಜಿ ಮಕ್ಕಳು ಎರಡು. ಇದಕ್ಕಿಂತ ಜಾಸ್ತಿ ಬೇಡ. ಮೂರನೇ ಕೂಸು ಬಂದ ದಿನ ಮಧ್ಯಾಹ್ನ ಯಾರೂ ಮಲಗುವುದಿಲ್ಲ, ಒಂದರ ಅಳುವಿಗೆ ಇನ್ನೊಂದು ಎದ್ದುಬಿಡುತ್ತದೆ. ನಿಮ್ಮ ಸಹಾಯಕಿ ಎರಡನೇ ತಿಂಗಳಿಗೆ ಕೆಲಸ ಬಿಡುತ್ತಾಳೆ.

ಈಗ ಫೀಸು. ಪ್ಲೇ ಹೋಮ್‌ನ 9,000 ಮತ್ತು ಅಜ್ಜಿಯ 3,500 ನೋಡಿ ಮಧ್ಯದಲ್ಲೊಂದು ಅಂಕಿ ಇಡುವುದು ಎಲ್ಲರೂ ಮಾಡುವ ಕೆಲಸ. ಆ ಎರಡು ಅಂಕಿಗೂ ನಿಮ್ಮ ಖರ್ಚಿಗೂ ಸಂಬಂಧ ಇಲ್ಲ. ಅಜ್ಜಿಗೆ ಸಹಾಯಕಿ ಇಲ್ಲ, ಬಹುಶಃ ಪಿಂಚಣಿ ಇದೆ, ಹೊತ್ತು ಹೋಗಬೇಕು. ಪ್ಲೇ ಹೋಮ್‌ಗೆ ಕಟ್ಟಡದ ಬಾಡಿಗೆ ಇದೆ, ಹೆಸರಿನ ಬಾಡಿಗೆಯೂ ಇದೆ. ನೀವು ಕೆಳಗಿನಿಂದ ಕಟ್ಟಿಕೊಂಡು ಬರಬೇಕು.

ಮೇಲೆ ಹೇಳಿದ ಏಳು ಮಕ್ಕಳಿಗೆ ಸಹಾಯಕಿ ಪೂರ್ತಿ ದಿನ ಬೇಕು, 13,000 ಅಂತ ಇಟ್ಟುಕೊಳ್ಳಿ. ಹಾಲು, ಹಣ್ಣು, ತಿಂಡಿ 4,500. ಗ್ಯಾಸು, ನೀರು, ಕರೆಂಟು 2,500. ಸ್ವಚ್ಛತೆ ಸಾಮಾನು, ಆಟಿಕೆ, ಪುಸ್ತಕ 2,000. ಒಡೆದದ್ದು, ಹರಿದದ್ದು, ಫಸ್ಟ್ ಏಡ್, ಹೊಸ ಹಾಸಿಗೆ ಅಂತ 1,500 ತೆಗೆದಿಡಿ. ಒಟ್ಟು 23,500. ನಿಮಗೆ ಕೈಗೆ ಎಷ್ಟು ಬೇಕು? ನರ್ಸರಿಯಲ್ಲಿ ಟೀಚರ್ ಆಗಿದ್ದವರು 18,000 ಅಂದರೆ ಅತಿಯಾಸೆ ಅಲ್ಲ. ಅಲ್ಲಿಗೆ 41,500 ಆಯ್ತು. ಶಾಲೆ ಬಿಟ್ಟು ಬರುವ ಇಬ್ಬರನ್ನು ಸೇರಿಸಿ ಒಂದು ಪೂರ್ತಿ ಜಾಗ ಅಂತ ಹಿಡಿದರೆ ನಿಮ್ಮಲ್ಲಿರುವುದು ಆರು ಜಾಗ. ಆರರಿಂದ ಭಾಗಿಸಿದರೆ ಸುಮಾರು 6,900. ಆದರೆ ವರ್ಷವಿಡೀ ಆರೂ ತುಂಬಿರುವುದಿಲ್ಲ. ಏಪ್ರಿಲ್, ಮೇನಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ. ಜೂನ್ ಬಂತೆಂದರೆ ಒಬ್ಬರು ಶಾಲೆಗೆ ಸೇರಿ ಬಿಟ್ಟುಹೋಗುತ್ತಾರೆ. ಒಂದು ಜಾಗ ಖಾಲಿ ಅಂತಲೇ ಲೆಕ್ಕ ಹಾಕಿ ಐದರಿಂದ ಭಾಗಿಸಿದರೆ 8,300. ನಿಮ್ಮ ದರ ಈ ಎರಡರ ಆಸುಪಾಸಿನಲ್ಲಿ ಇರಬೇಕು.

ಎಲ್ಲರಿಗೂ ಒಂದೇ ದರ ಇಡಬೇಡಿ. ಏಳು ತಿಂಗಳ ಕೂಸು ಹತ್ತು ಗಂಟೆಯಲ್ಲಿ ಐದಾರು ಡೈಪರ್ ಕೇಳುತ್ತದೆ. ಎರಡೆರಡು ಗಂಟೆಗೆ ಹಾಲೋ ರಾಗಿ ಸರಿಯೋ ಆಗಬೇಕು. ಮಲಗಿದ್ದಾಗಲೂ ಅಂಗಾತ ಮಲಗಿದೆಯಾ, ಮುಖದ ಮೇಲೆ ಬಟ್ಟೆ ಬಿತ್ತಾ ಅಂತ ಹೋಗಿ ಹೋಗಿ ನೋಡಬೇಕು. ಮೂರು ವರ್ಷದ ಮಗುವಿಗೆ ಚಿತ್ರಾನ್ನ ಹಾಕಿ ತಟ್ಟೆ ಕೊಟ್ಟರೆ ಅರ್ಧ ಚೆಲ್ಲಿಕೊಂಡಾದರೂ ತಾನೇ ತಿನ್ನುತ್ತದೆ. ಇಬ್ಬರ ಕೆಲಸ ಒಂದೇ ಅಲ್ಲ, ಅಲ್ವಾ? ಕೂಸಿಗೆ 8,500, ನಡೆಯುವ ಮಗುವಿಗೆ 7,000, ಶಾಲೆ ಬಿಟ್ಟು ಬಂದು ಸಂಜೆವರೆಗೆ ಇರುವವರಿಗೆ 3,500 ಇಟ್ಟು ನೋಡಿ. ಪೂರ್ತಿ ತುಂಬಿದರೆ 45,000 ಬರುತ್ತದೆ, ಖರ್ಚು ಕಳೆದು 21,500 ಉಳಿಯುತ್ತದೆ. 7,000ದ ಒಂದು ಜಾಗ ಖಾಲಿ ಬಿದ್ದರೂ 14,500 ಇರುತ್ತದೆ. ಸರಾಸರಿ ನಿಮ್ಮ 18,000ದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಇವು ನಿಮ್ಮ ಬೀದಿಯ ಅಂಕಿಗಳು. ಬೆಂಗಳೂರಿನವರೋ ಹಾಸನದವರೋ ಇದನ್ನು ಓದುತ್ತಿದ್ದರೆ ದರ ನಕಲು ಮಾಡಬೇಡಿ, ಲೆಕ್ಕ ಹಾಕುವ ದಾರಿ ತಗೊಳ್ಳಿ.

ಕರೆಂಟಿನ ಬಗ್ಗೆ ಒಂದು ಮಾತು, ಇದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಈಗ ನಿಮಗೆ ಗೃಹಜ್ಯೋತಿ ಇರಬಹುದು. ಹಗಲೆಲ್ಲ ಮೂರು ಫ್ಯಾನು, ಫ್ರಿಜ್ಜು, ಮಿಕ್ಸಿ, ದಿನಾ ವಾಷಿಂಗ್ ಮಷೀನು ಅಂತ ಶುರುವಾದರೆ 200 ಯೂನಿಟ್ ದಾಟುತ್ತದೆ. ದಾಟಿದ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಆ ಯೋಜನೆ ಮನೆ ಬಳಕೆಗೆ ಮಾತ್ರ ಅನ್ನೋದೂ ನೆನಪಿರಲಿ. ಬೋರ್ಡ್ ಹಾಕಿ ನಡೆಸುವಾಗ ಮೀಟರ್ ಯಾವ ದರಕ್ಕೆ ಬರುತ್ತದೆ ಅಂತ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ, ಉದ್ದಿಮೆ ಪರವಾನಗಿ ಬೇಕಾ ಅಂತ ಪಾಲಿಕೆಯೋ ನಗರಸಭೆಯೋ, ನಿಮ್ಮ ಬಡಾವಣೆ ಯಾರ ಕೈಯಲ್ಲಿದೆಯೋ ಅವರ ಕಚೇರಿಯಲ್ಲಿ ನೀವೇ ಮೊದಲು ಹೋಗಿ ಕೇಳಿ. ಪಕ್ಕದ ಮನೆಯವರು ಶಬ್ದಕ್ಕೆ ದೂರು ಕೊಟ್ಟ ಮೇಲೆ ಕೇಳಿದರೆ ಸಿಗುವ ಉತ್ತರದ ಧಾಟಿಯೇ ಬೇರೆ.

ರಜೆ ಹಿಡಿದುಕೊಳ್ಳುವ ವಿಷಯ. ಇದರಲ್ಲಿ ಪೋಷಕರ ತಪ್ಪು ಕಡಿಮೆ. ನೀವು ಏನನ್ನು ಕೊಡುತ್ತಿದ್ದೀರಿ ಅಂತ ಅವರಿಗೆ ಯಾರೂ ಹೇಳಿಲ್ಲ. ಮಗು ಬಂದ ದಿನಕ್ಕೆ ಕೂಲಿ ಅಂತ ಅವರು ತಿಳಿದಿದ್ದಾರೆ. ಅವರು ಕೊಡುತ್ತಿರುವುದು ಜಾಗಕ್ಕೆ. ಕೆಎಸ್‌ಆರ್‌ಟಿಸಿಯಲ್ಲಿ ಸೀಟು ರಿಸರ್ವ್ ಮಾಡಿಸಿ ಬಸ್ ಹತ್ತದಿದ್ದರೆ ಕಂಡಕ್ಟರ್ ದುಡ್ಡು ವಾಪಸ್ ಕೊಡ್ತಾನಾ? ಹಾಗೆಯೇ. ಮಗು ಬರಲಿ ಬಿಡಲಿ ತಿಂಗಳ ಫೀಸು ಪೂರ್ತಿ, 5ನೇ ತಾರೀಖಿನೊಳಗೆ. ಬೇಸಿಗೆ ರಜೆಯಲ್ಲಿ ಪೂರ್ತಿ ತಿಂಗಳು ಊರಿಗೆ ಹೋದರೆ ಅರ್ಧ ಫೀಸು, ಜಾಗ ಕಾದಿರಿಸುವುದಕ್ಕೆ. ಸೇರುವಾಗ ಒಂದು ತಿಂಗಳ ಫೀಸು ಮುಂಗಡ. ಬಿಡುವ ಒಂದು ತಿಂಗಳು ಮೊದಲು ತಿಳಿಸಿದರೆ ಅದು ಕೊನೆಯ ತಿಂಗಳಿಗೆ ವಜಾ. ಇದಕ್ಕೆ ಬದಲಾಗಿ ನೀವೂ ಒಂದು ಮಾತು ಕೊಡಬೇಕು. ನಿಮ್ಮ ಕಡೆಯಿಂದ ರಜೆ ಆದ ದಿನದ ದುಡ್ಡು ನೀವು ಕಳೆಯಬೇಕು, ಮತ್ತು ವರ್ಷದ ರಜೆಗಳ ಪಟ್ಟಿ ಜೂನ್‌ನಲ್ಲೇ ಕೊಡಬೇಕು. ದಸರಾ ಸಮಯದಲ್ಲಿ ಮೈಸೂರಿನ ಮನೆಗಳಿಗೆ ನೆಂಟರು ತುಂಬುತ್ತಾರೆ, ನಿಮಗೂ ತಪ್ಪಿದ್ದಲ್ಲ. ಆ ದಿನಗಳನ್ನು ಮೊದಲೇ ಬರೆದುಬಿಡಿ.

ಕಾಯಿಲೆಗೂ ಇದೇ. 100.4 ಡಿಗ್ರಿ ಜ್ವರ ಇದ್ದರೆ ಮಗು ಮನೆಯಲ್ಲೇ ಇರಲಿ, ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದೆ ಇದ್ದ ಮೇಲೆ ಕಳಿಸಿ ಅಂತ ಬರೆದಿಡಿ. ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಸೋಂಕು ಒಂದು ಮಗುವಿಗೆ ಬಂದರೆ ವಾರದಲ್ಲಿ ಮೂರಕ್ಕೆ ಬಂದಿರುತ್ತದೆ. ‘ಬೆಳಿಗ್ಗೆ ಪ್ಯಾರಾಸಿಟಮಾಲ್ ಹಾಕಿದ್ದೀನಿ, ಈಗ ಏನಿಲ್ಲ’ ಅಂತ ಬಾಗಿಲಲ್ಲಿ ಮಗು ಕೊಟ್ಟು ಓಡುವವರು ನಿಮಗೆ ಗೊತ್ತೇ ಇರುತ್ತಾರೆ. ನಿಯಮ ಬರೆದಿಲ್ಲದಿದ್ದರೆ ಆ ಹೊತ್ತಿನಲ್ಲಿ ಬೇಡ ಅನ್ನೋಕೆ ಬಾಯಿ ಬರುವುದಿಲ್ಲ.

ಏಳು ಗಂಟೆಗೆ ಬರುವವರಿಗೆ ಏನು ಮಾಡೋದು? ಹತ್ತಿಪ್ಪತ್ತು ರೂಪಾಯಿ ದಂಡ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಸ್ರೇಲಿನ ಹೈಫಾದಲ್ಲಿ ಯೂರಿ ಗ್ನೀಝಿ, ಆಲ್ಡೊ ರುಸ್ಟಿಚಿನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 10 ಡೇಕೇರ್‌ಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ಆರು ಕಡೆ, ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಹೆಚ್ಚುಕಮ್ಮಿ ದುಪ್ಪಟ್ಟಾದರು! ದಂಡ ತೆಗೆದ ಮೇಲೂ ಇಳಿಯಲಿಲ್ಲ. ಮೊದಲು ‘ಪಾಪ, ಟೀಚರ್ ಕಾಯ್ತಿರ್ತಾರೆ’ ಅನ್ನುವ ಸಂಕೋಚ ಇತ್ತು. ದಂಡ ಬಂದ ಮೇಲೆ ‘ದುಡ್ಡು ಕೊಡ್ತೀವಲ್ಲ’ ಆಯಿತು. ನಮ್ಮ ಕಡೆ ನಾನು ಕಂಡದ್ದೂ ಅದೇ. ಆ ತಾಯಿಯ ಶಿಫ್ಟೇ 6:30ಕ್ಕೆ ಮುಗಿಯುವುದಾದರೆ ಅವರಿಗೆ 7:30ರವರೆಗಿನ ದರ ಬೇರೆ ಹೇಳಿ, ತಿಂಗಳಿಗೆ 1,200 ಜಾಸ್ತಿ. ಅದು ಅವರ ಹಕ್ಕು, ನೀವೂ ಗೊಣಗುವಂತಿಲ್ಲ. ಶಿಫ್ಟ್ ಮುಗಿದ ಮೇಲೆ ಮಾರ್ಕೆಟ್ ಮುಗಿಸಿಕೊಂಡು ಬರುವುದಾದರೆ ದುಡ್ಡಿನ ಮಾತೇ ಎತ್ತಬೇಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘6:30 ಆದಮೇಲೆ ಇವನು ಗೇಟನ್ನೇ ನೋಡ್ತಿರ್ತಾನೆ’ ಅಂತ ನಡೆದದ್ದನ್ನು ಹೇಳಿ. ಅದು ಕೆಲಸ ಮಾಡುತ್ತದೆ.

ಹಾಗಾದರೆ 7,000 ಕೊಟ್ಟು ಯಾರು ಬರುತ್ತಾರೆ, ಎಲ್ಲಿಂದ? ನಿಮ್ಮ ಪಾಂಪ್ಲೆಟ್ ಯಾಕೆ ಸೋತಿತು ಅಂದರೆ, ಪಾಂಪ್ಲೆಟ್ ನೋಡಿ ಯಾರೂ ಕೂಸನ್ನು ಬಿಟ್ಟುಹೋಗುವುದಿಲ್ಲ. ಅದರಲ್ಲೂ ಸಾವಿರ ಮನೆಯಲ್ಲಿ ಆ ತಿಂಗಳು ಡೇಕೇರ್ ಹುಡುಕುತ್ತಿರುವ ಮನೆ ಎಷ್ಟಿದ್ದೀತು? ನೀವು ಹಿಡಿಯಬೇಕಾದದ್ದು ಹೊತ್ತನ್ನು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಖಾಸಗಿ ಕೆಲಸದ ಹೆಂಗಸರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಅಂದರೆ ಕೂಸಿಗೆ ಸುಮಾರು ಆರು ತಿಂಗಳಾಗುವಾಗ ತಾಯಿ ಕೆಲಸಕ್ಕೆ ವಾಪಸ್ಸು. ನಾಲ್ಕನೇ ತಿಂಗಳಿಗೆ ಅವಳಿಗೆ ನಿದ್ದೆ ಕೆಟ್ಟಿರುತ್ತದೆ. ಕೂಸಿನ ಲಸಿಕೆಗಳು 6, 10, 14ನೇ ವಾರಕ್ಕೆ. ಆ 14ನೇ ವಾರದ ಚುಚ್ಚುಮದ್ದಿಗೆ ಅವಳು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿರುತ್ತಾಳೆ. ನಿಮ್ಮ ಹತ್ತಿರದ ಎರಡು ಮೂರು ಕ್ಲಿನಿಕ್ಕಿಗೆ ಹೋಗಿ ಡಾಕ್ಟರನ್ನೂ, ಅವರಿಗಿಂತ ಮುಖ್ಯವಾಗಿ ರಿಸೆಪ್ಷನ್‌ನಲ್ಲಿರುವವರನ್ನೂ ಕಂಡು ಕಾರ್ಡ್ ಕೊಟ್ಟು ಬನ್ನಿ. ‘ಎಷ್ಟು ಕೂಸು ತಗೊಳ್ತೀರಿ’ ಅಂತ ಕೇಳಿದಾಗ ‘ಎರಡೇ’ ಅಂದರೆ ಡಾಕ್ಟರು ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಸರ್ಕಾರಿ ಶಾಲೆಯ ಟೀಚರ್‌ಗಳ ಕಥೆ ಬೇರೆ. ರಾಜ್ಯ ಸರ್ಕಾರಿ ನೌಕರರಿಗೆ ಹೆರಿಗೆ ರಜೆಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ರಜೆಯೂ ಇರುವುದರಿಂದ ಅವರು ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬರುತ್ತಾರೆ. ಅವರ ಫೋನು ಬಂದಾಗ ‘ಈಗಲೇ ಸೇರಿಸಿ’ ಅಂತ ಅವಸರ ಮಾಡಿದರೆ ಕೈತಪ್ಪುತ್ತಾರೆ.

ಇನ್ನೊಂದು ದಾರಿ. ಮನೆ ಹತ್ತಿರ ಇರುವವರಿಗಿಂತ ಮನೆ ಮುಂದೆ ಹಾದುಹೋಗುವವರು ನಿಮಗೆ ಮುಖ್ಯ. ನಿಮ್ಮ ಕಡೆಯಿಂದ ಬೆಳಿಗ್ಗೆ ಹೂಟಗಳ್ಳಿ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಸ್ಕೂಟರಿನಲ್ಲಿ ಹೋಗುವವರು ಎಷ್ಟು ಜನ! ಅವರಿಗೆ ಹಿಂದೆ ತಿರುಗದೆ ದಾರಿಯಲ್ಲೇ ಮಗು ಬಿಟ್ಟುಹೋಗುವ ಹಾಗಿರಬೇಕು. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ ಸೇರಿಸಿ, ಅದಕ್ಕೆ ದುಡ್ಡಿಲ್ಲ. ಸಮಯ, ವಯಸ್ಸು, ಫೋನ್ ನಂಬರ್ ಹಾಕಿ. ಮಕ್ಕಳ ಮುಖದ ಫೋಟೋ ಮಾತ್ರ ಬೇಡ. ಖಾಲಿ ಕೋಣೆಯ, ಹಾಸಿಗೆಯ, ಗೇಟಿನ ಫೋಟೋ ಸಾಕು. ಮನೆ ಮುಂದೆ ಬೋರ್ಡ್ ಹಾಕಿಸುವಾಗ 60 ಭಾಗ ಕನ್ನಡ ಇರಲಿ, ಅದು ಈಗ ಕಾನೂನು. ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆಸಿ ಮತ್ತೆ ಬಳಿಯುವ ಖರ್ಚು ಬೇಡ.

ಜನ ನೋಡಲು ಬರುವ ದಿನ ಗೆಲ್ಲುವುದೂ ಸೋಲುವುದೂ ಮೊದಲ ಹತ್ತು ನಿಮಿಷದಲ್ಲಿ. ಎಷ್ಟೋ ಮನೆಗಳಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅಪ್ಪ ಫೀಸು, ಸಮಯ, ಕ್ಯಾಮರಾ ಅಂತ ಕೇಳುತ್ತಿರುತ್ತಾನೆ. ಅಮ್ಮ ಮಾತಾಡುವುದಿಲ್ಲ, ನೋಡುತ್ತಿರುತ್ತಾಳೆ. ಬಚ್ಚಲ ನೆಲ ಒದ್ದೆ ಇದೆಯಾ, ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದಾರಾ, ಗ್ಯಾಸ್ ಸಿಲಿಂಡರಿಗೂ ಮಕ್ಕಳಿಗೂ ನಡುವೆ ಬಾಗಿಲಿದೆಯಾ, ಗೇಟಿನ ಚಿಲಕ ಮಗುವಿನ ಕೈಗೆ ಎಟುಕುತ್ತಾ, ಆಗಲೇ ಇರುವ ಮಗು ನಿಮ್ಮ ಸೆರಗು ಹಿಡಿದುಕೊಂಡಿದೆಯಾ ಇಲ್ಲಾ ಮೂಲೆಯಲ್ಲಿ ಟಿವಿ ಮುಂದೆ ಕೂತಿದೆಯಾ. ಅವಳು ಕೇಳುವ ಒಂದೇ ಪ್ರಶ್ನೆ ‘ಊಟ ಮಾಡಲ್ಲ ಅಂದ್ರೆ ಏನ್ಮಾಡ್ತೀರಿ?’ ಅನ್ನೋದು. ‘ಏನೂ ಯೋಚನೆ ಮಾಡ್ಬೇಡಿ, ಚೆನ್ನಾಗಿ ತಿನ್ನಿಸ್ತೀನಿ’ ಅಂದರೆ ಅವಳಿಗೆ ಸಮಾಧಾನ ಆಗುವುದಿಲ್ಲ. ‘ಅರ್ಧ ಗಂಟೆ ಬಿಟ್ಟು ಮತ್ತೆ ಇಡ್ತೀನಿ, ಆಗಲೂ ಬೇಡ ಅಂದ್ರೆ ಬಾಳೆಹಣ್ಣು ಕೊಡ್ತೀನಿ, ನಿಮಗೆ ಮೆಸೇಜ್ ಹಾಕ್ತೀನಿ, ಬಾಯಿಗೆ ತುರುಕಲ್ಲ’ ಅನ್ನಿ. ಆಮೇಲೆ ಮೂರು ದಿನ, ದಿನಕ್ಕೆ ಒಂದೊಂದು ಗಂಟೆ ತಾಯಿಯನ್ನೂ ಕೂರಿಸಿಕೊಂಡು ಮಗುವನ್ನು ರೂಢಿ ಮಾಡಿಸಿ, ಅದಕ್ಕೆ ಫೀಸು ಬೇಡ. ನನಗೆ ಗೊತ್ತಿರುವ ಜಾಹೀರಾತುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಕ್ಯಾಮರಾ ಬೇಕಾದರೆ ಹಾಕಿಸಿ, ನನ್ನ ವಿರೋಧ ಇಲ್ಲ. ಆದರೆ ಅದರಿಂದ ಮಕ್ಕಳು ಸೇರುತ್ತಾರೆ ಅನ್ನೋದು ಭ್ರಮೆ. ಫೋನಿನಲ್ಲಿ ಲೈವ್ ಕೊಟ್ಟರೆ ಒಬ್ಬರ ಮಗುವನ್ನು ಇನ್ನೊಬ್ಬರ ಮನೆಯವರೆಲ್ಲ ನೋಡುತ್ತಿರುತ್ತಾರೆ, ಪಾಸ್‌ವರ್ಡ್ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ರೆಕಾರ್ಡ್ ಆಗುವಂತೆ ಇಟ್ಟು, ಕೇಳಿದಾಗ ತೋರಿಸಿದರೆ ಸಾಕು. ಆ ದುಡ್ಡಿಗಿಂತ ಮೊದಲು ಸಹಾಯಕಿಯ ಪೊಲೀಸ್ ವೆರಿಫಿಕೇಷನ್ ಮಾಡಿಸಿ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಮನೆಯ ಗಂಡಸರ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳಿ. ಯಾರು ಯಾವಾಗ ಮನೆಯಲ್ಲಿರುತ್ತಾರೆ, ಡೈಪರ್ ಬದಲಿಸುವುದು ಸ್ನಾನ ಮಾಡಿಸುವುದು ಹೆಂಗಸರು ಮಾತ್ರ ಅಂತ. ಪೋಷಕರು ಕೇಳಲು ಮುಜುಗರ ಪಡುತ್ತಾರೆ. ನೀವಾಗಿ ಹೇಳಿದರೆ ಅವರ ಹೆಗಲು ಇಳಿಯುವುದು ಕಾಣುತ್ತದೆ.

ದುಡ್ಡು ಯುಪಿಐನಲ್ಲಿ ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ನಗದು ಕೇಳುವವರು ಈಗ ಜಾಸ್ತಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹುಟ್ಟಿದ ಭಯ ಅದು. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷಕ್ಕೆ 20 ಲಕ್ಷ ದಾಟಿದರೆ. ನಿಮ್ಮದು ಪೂರ್ತಿ ತುಂಬಿದರೂ 5.4 ಲಕ್ಷ. ಧೈರ್ಯವಾಗಿ ಯುಪಿಐ ತಗೊಳ್ಳಿ, ರಸೀದಿ ಕೊಡಿ. ಕೆಲವು ಕಂಪನಿಗಳು ತಾಯಂದಿರಿಗೆ ಡೇಕೇರ್ ಖರ್ಚು ವಾಪಸ್ ಕೊಡುತ್ತವೆ, ರಸೀದಿ ಇದ್ದರೆ ಮಾತ್ರ. 3,500ರ ಅಜ್ಜಿ ರಸೀದಿ ಕೊಡುವುದಿಲ್ಲ, ಅಲ್ವಾ? ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯೂ ಮಾಡಿಸಿಡಿ. ಅದು ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಶಿಶುಪಾಲನಾ ವ್ಯವಸ್ಥೆ ಮಾಡಬೇಕು ಅನ್ನುವ ಕಾನೂನು ಇರುವುದರಿಂದ ಮುಂದೆ ಹೆಬ್ಬಾಳದ ಸಣ್ಣ ಕಾರ್ಖಾನೆಗಳ ಜೊತೆ ಒಪ್ಪಂದದ ಮಾತು ಬರಬಹುದು. ಈಗಲೇ ಅದರ ಹಿಂದೆ ಬೀಳಬೇಡಿ. ಬಿಲ್ಲು ಪಾಸಾಗಲು ಎರಡು ತಿಂಗಳು ಹಿಡಿದರೆ ಹಾಲಿನವನಿಗೆ ನೀವು ಏನು ಹೇಳ್ತೀರಿ?

ಇನ್ನು ಈಗ ಇರುವ ಇಬ್ಬರು. 4,000ದಿಂದ ಒಂದೇ ಸಲ 7,000ಕ್ಕೆ ಹಾರಬೇಡಿ, ಅದು ಅನ್ಯಾಯ ಅನ್ನಿಸುತ್ತದೆ. ಹೊಸಬರಿಗೆ ನಾಳೆಯಿಂದಲೇ ಹೊಸ ದರ. ಹಳಬರಿಗೆ ಎರಡು ತಿಂಗಳು ಮುಂಚೆ ತಿಳಿಸಿ 5,500, ಅದಾಗಿ ಆರು ತಿಂಗಳಿಗೆ ಪೂರ್ತಿ ದರ. ಎದುರಿಗೆ ಹೇಳಿ, ಆಮೇಲೆ ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿ:

‘ನಮಸ್ಕಾರ. ಜೂನ್ 1ರಿಂದ ನಮ್ಮಲ್ಲಿ ಸಹಾಯಕ್ಕೆ ಒಬ್ಬರು ಪೂರ್ತಿ ದಿನ ಇರುತ್ತಾರೆ. ಮಕ್ಕಳ ಸಂಖ್ಯೆ ಏಳಕ್ಕಿಂತ ಜಾಸ್ತಿ ಆಗುವುದಿಲ್ಲ. ಹೊಸಬರಿಗೆ ತಿಂಗಳಿಗೆ 7,000. ನೀವು ಮೊದಲಿನಿಂದ ಇರುವವರು, ನಿಮಗೆ ಜೂನ್‌ನಿಂದ 5,500, ಡಿಸೆಂಬರ್‌ನಿಂದ 7,000. ರಜೆ ಇದ್ದರೂ ತಿಂಗಳ ಫೀಸು ಪೂರ್ತಿ ಇರುತ್ತದೆ. ನಿಯಮಗಳ ಹಾಳೆ ನಾಳೆ ಕೊಡುತ್ತೇನೆ. ಏನಾದರೂ ಕೇಳುವುದಿದ್ದರೆ ಶನಿವಾರ ಸಂಜೆ ಮಾತಾಡೋಣ.’

‘ಕಷ್ಟ ಆಗ್ತಿದೆ’, ‘ದಯವಿಟ್ಟು ಬೇಜಾರು ಮಾಡ್ಕೋಬೇಡಿ’ ಅನ್ನುವ ಮಾತು ಸೇರಿಸಬೇಡಿ. ಅದನ್ನು ಓದಿದವರು ಚೌಕಾಸಿಗೆ ಇಳಿಯುತ್ತಾರೆ. ಇಬ್ಬರಲ್ಲಿ ಒಬ್ಬರು ಹೋಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಹೋಗುವವರು ಬಹುಶಃ ಏಳು ಗಂಟೆಗೆ ಬರುವವರೇ. ಹೋದರೆ ನಿಮಗೆ ತಿಂಗಳಿಗೆ 4,000 ಕಡಿಮೆ ಬರುತ್ತದೆ. ಎರಡು ಮೂರು ತಿಂಗಳು ಕೈಯಿಂದ ಹಾಕಿ ನಡೆಸುವ ದುಡ್ಡು, ಒಂದು 15,000 ಆದರೂ, ಪಕ್ಕಕ್ಕೆ ಇಟ್ಟುಕೊಂಡು ಆಮೇಲೆ ಈ ಮೆಸೇಜ್ ಕಳಿಸಿ. ಅಷ್ಟು ಇಲ್ಲದಿದ್ದರೆ ಕ್ರಮ ತಿರುಗಿಸಿ. ಮೊದಲು ಹೊಸ ದರಕ್ಕೆ ಒಂದು ಕೂಸು ಸೇರಲಿ, ಆಮೇಲೆ ಹಳಬರಿಗೆ ತಿಳಿಸಿ. ಸಹಾಯಕಿಯನ್ನು ಪೂರ್ತಿ ದಿನಕ್ಕೆ ತಗೊಳ್ಳುವುದೂ ನಾಲ್ಕನೇ ಮಗು ಬಂದ ಮೇಲೆಯೇ. ಮೆಸೇಜಿನ ತಾರೀಖನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಶನಿವಾರ ಪೂರ್ತಿ ದಿನ ಬೇಡ. ಬ್ಯಾಂಕಿನವರಿಗೆ, ಕಾರ್ಖಾನೆಯವರಿಗೆ ಕೆಲವು ಶನಿವಾರ ಕೆಲಸ ಇರುತ್ತದೆ. ಮಧ್ಯಾಹ್ನ 2ರವರೆಗೆ ಇಟ್ಟು, ಶುಕ್ರವಾರವೇ ತಿಳಿಸಿದವರಿಗೆ ಮಾತ್ರ ಬಾಗಿಲು ತೆಗೆಯಿರಿ.

ಉಳಿದದ್ದು ನಾದಿನಿ. ಈ ಪ್ರಶ್ನೆಯನ್ನು ನೀವು ಕೇಳಲಿಲ್ಲ, ಆದರೆ 2,500 ಅಂತ ಬರೆದಿರಿ. ಸಂಬಂಧದವರಿಗೆ ರಿಯಾಯಿತಿ ಕೊಡೋದು ನಮ್ಮಲ್ಲಿ ಇದ್ದದ್ದೇ, ಕೊಡಿ. ಆದರೆ ಜಾಗಗಳು ತುಂಬುತ್ತಾ ಬಂದಾಗ ಆ ಒಂದು ಜಾಗದಿಂದ ತಿಂಗಳಿಗೆ 4,500 ನಿಮ್ಮ ಜೇಬಿನಿಂದ ಹೋಗುತ್ತದೆ. ಆ ದುಡ್ಡನ್ನು ನೀವು ಕೊಡುತ್ತಿದ್ದೀರಿ ಅನ್ನೋದು ಅವಳಿಗೂ ಗೊತ್ತಿರುವುದಿಲ್ಲ, ಅತ್ತೆಗೂ ಗೊತ್ತಿರುವುದಿಲ್ಲ. ಎಲ್ಲರಿಗೂ ಕೊಡುವ ಹಾಗೆ ಅವಳಿಗೂ ರಸೀದಿ ಕೊಡಿ. ಫೀಸು 7,000, ಮನೆಯವರ ರಿಯಾಯಿತಿ 2,000, ಕೊಡಬೇಕಾದದ್ದು 5,000 ಅಂತ ಬರೆದು. ರಿಯಾಯಿತಿ ಎಷ್ಟು ಅನ್ನೋದನ್ನು ನೀವು ತೀರ್ಮಾನ ಮಾಡಿ, ಮಾತನ್ನು ಮಾತ್ರ ನಿಮ್ಮ ಯಜಮಾನರು ಅವರ ತಂಗಿಗೆ ಹೇಳಲಿ.